ಹಾಂಗ್‌ಕಾಂಗಿನ ಹಸಿರು ದರೆಗಳು

ಹಾಂಗ್‌ಕಾಂಗ್ ಎಂದೊಡನೆ ಓದುಗರ ಕಣ್ಣಿಗೆ ಕಟ್ಟುವುದು ಮುಗಿಲನ್ನು ಮುಟ್ಟುವ ಸೌಧಗಳು, ಕಡಲ ನೀರಿನಲ್ಲಿ ಮಿನುಗುವ ದೀಪಮಾಲೆ, ಕೊಳ್ಳುವವರಿಂದ ಕಿಕ್ಕಿರಿದ ಬೀದಿಗಳು. ಪ್ರವಾಸದ ಕೈಪಿಡಿಗಳೆಲ್ಲ ಹಾಡಿ ಹೊಗಳುವುದೂ ಇವನ್ನೇ. ಆದರೆ ಅಲ್ಲಿ ನಾಲ್ಕು ದಿನ ಕಾಲ್ನಡಿಗೆಯಲ್ಲಿ ಸುತ್ತಾಡಿದ ಪ್ರಯಾಣಿಕನ ಗಮನವನ್ನು, ಕೈಪಿಡಿಯಲ್ಲಿ ಹೆಸರೇ ಇಲ್ಲದ ಇನ್ನೊಂದು ನೋಟ ಸೆಳೆಯುತ್ತದೆ. ಬಸ್ಸು ನಿಲ್ಲುವ ಕಡೆ, ಶಾಲೆಯ ಹಿಂಬದಿಯಲ್ಲಿ, ಹಲವು ಹತ್ತು ಅಂತಸ್ತುಗಳ ವಸತಿಗೃಹದ ಬೆನ್ನಿಗೆ, ಎಲ್ಲೆಂದರಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ಗುಡ್ಡದ ಪಕ್ಕೆ. ಆ ಪಕ್ಕೆಯ ಮೇಲೆ ಬುಡದಿಂದ ನೆತ್ತಿಯವರೆಗೆ ಹಸಿರು ಹುಲ್ಲು. ಮಳೆನಾಡಿನಲ್ಲಿ ಹುಲ್ಲು ಬೆಳೆಯುವುದರಲ್ಲಿ ಅಚ್ಚರಿಯೇನು ಎಂದು ಅವನು ಮುಂದೆ ಸಾಗಬಹುದು. ಆ ಹುಲ್ಲಿನ ಬಹುಭಾಗ ತಾನಾಗಿ ಬೆಳೆದುದಲ್ಲವೆಂದೂ, ಗೋಡೆಗೆ ಸುಣ್ಣ ಎರಚುವಂತೆ ಕೊಳವೆಯಿಂದ ಎರಚಿ ಬೆಳೆಸಿದುದೆಂದೂ ತಿಳಿದರೆ ಮಾತ್ರ ಅವನು ಒಂದು ಗಳಿಗೆ ನಿಂತು ನೋಡುತ್ತಾನೆ.

ಗುಡ್ಡವನ್ನು ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಗೆ ಮಲೆನಾಡಿನಲ್ಲಿ ‘ದರೆ’ ಎಂದು ಹೆಸರು. ಹಾಂಗ್‌ಕಾಂಗನ್ನು ದರೆಗಳ ಊರು ಎಂದರೆ ಅತಿಶಯೋಕ್ತಿಯಾಗಲಾರದು. ಸುಮಾರು 1,100 ಚದರ ಕಿಲೋಮೀಟರುಗಳ ಆ ಪುಟ್ಟ ಪ್ರದೇಶದಲ್ಲಿ 75 ಲಕ್ಷದಷ್ಟು ಜನ ವಾಸವಾಗಿದ್ದಾರೆ. ಸಮತಟ್ಟಾದ ನೆಲ ಬಹಳ ಕಡಮೆ. ಕಡಲಂಚಿನಿಂದಲೇ ಗುಡ್ಡಗಳು ಮೇಲೆದ್ದು ನಿಂತಿವೆ. ಮನೆ ಕಟ್ಟಲು ಜಾಗ ಬೇಕೆಂದರೆ ಗುಡ್ಡವನ್ನು ಕಡಿಯಬೇಕು, ಇಲ್ಲವೇ ಕಡಿದ ಮಣ್ಣಿನಿಂದ ಕಣಿವೆಯನ್ನೂ ಕಡಲನ್ನೂ ತುಂಬಬೇಕು. ಅಲ್ಲಿನವರು ಎರಡನ್ನೂ ಮಾಡಿದರು. ಹೀಗೆ ಮನುಷ್ಯರ ಕೈಯಿಂದಾದ ದೊಡ್ಡ ದರೆಗಳು, ದಿಣ್ಣೆಗಳು, ತಡೆಗೋಡೆಗಳು ಸರಕಾರದ ದಫ್ತರದಲ್ಲಿ ಸುಮಾರು 60,000 ದಾಖಲಾಗಿವೆ. ಪ್ರತಿಯೊಂದಕ್ಕೂ ಒಂದು ನಂಬರು. ಮನೆಯ ಬಾಗಿಲಿಗೆ ಹೊಡೆದ ನಂಬರಿನಂತೆ ಬುಡದಲ್ಲಿ ಒಂದು ಪುಟ್ಟ ಫಲಕ. ಆ ದರೆಯನ್ನು ನೋಡಿಕೊಳ್ಳುವ ಹೊಣೆ ಯಾವ ಇಲಾಖೆಯದು ಎಂಬುದನ್ನೂ ಸರಕಾರಿ ದರೆಗಳ ಫಲಕದಲ್ಲಿ ಕಾಣಬಹುದು. ಗುಡ್ಡದ ಪಕ್ಕೆಗೆ ವಿಳಾಸ ಕೊಟ್ಟ ಊರು ಪ್ರಪಂಚದಲ್ಲಿ ಬಹಳ ಇರಲಾರದು.

ಈ ಕಟ್ಟುನಿಟ್ಟು ಸುಮ್ಮನೆ ಬಂದುದಲ್ಲ. ಹಾಂಗ್‌ಕಾಂಗಿನಲ್ಲಿ ವರ್ಷಕ್ಕೆ ಸರಾಸರಿ 2,400 ಮಿಲಿಮೀಟರು ಮಳೆ; ಅದರ ಹೆಚ್ಚಿನ ಪಾಲು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ, ಅದೂ ಬಿಟ್ಟೂ ಬಿಡದೆ ಒಮ್ಮೆಗೇ ಸುರಿಯುವಂಥದು. ಅಲ್ಲಿಯ ಗ್ರಾನೈಟು ಮತ್ತು ಜ್ವಾಲಾಮುಖಿ ಶಿಲೆಗಳು ಯುಗಯುಗಗಳಿಂದ ಬಿಸಿಲುಮಳೆಗೆ ಶಿಥಿಲವಾಗಿ, ಕೆಲವೆಡೆ ಹತ್ತಾರು ಮೀಟರು ಆಳದವರೆಗೆ ಮಣ್ಣಾಗಿವೆ. ಆ ಮಣ್ಣಿನ ಗುಣ ವಿಚಿತ್ರ. ಮಕ್ಕಳು ಹಸಿ ಮರಳಿನಲ್ಲಿ ಕಾಲಿಟ್ಟು ಗುಬ್ಬಿಗೂಡು ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಕಾಲನ್ನು ಮೆಲ್ಲನೆ ಹಿಂದಕ್ಕೆಳೆದರೂ ಗೂಡು ಕುಸಿಯದೆ ನಿಲ್ಲುತ್ತದೆ. ಅದೇ ಗೂಡಿಗೆ ಒಂದು ಚೆಂಬು ನೀರು ಹೊಯ್ದರೆ ನೋಡನೋಡುತ್ತಲೇ ಕರಗಿ ಕೂಡುತ್ತದೆ. ಕಣಕಣಗಳ ನಡುವಣ ಅಲ್ಪ ತೇವ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ; ನೀರು ತುಂಬಿಕೊಂಡಾಗ ಆ ಹಿಡಿತ ತಪ್ಪುತ್ತದೆ. ಹಾಂಗ್‌ಕಾಂಗಿನ ದರೆಗಳು ವರ್ಷದ ಎಂಟು ತಿಂಗಳು ಕಲ್ಲಿನಂತೆ ನಿಂತಿದ್ದು, ಜೂನಿನ ಒಂದು ರಾತ್ರಿ ಗಂಜಿಯಂತೆ ಹರಿಯಲು ಇದೇ ಕಾರಣ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಳೆನೀರು ಒಳಗಿಳಿದರೆ ತಾನೆ ಅಪಾಯ? ಇಳಿಯದಂತೆ ಮುಚ್ಚಿಬಿಟ್ಟರಾಯಿತು ಎಂದುಕೊಂಡರು ಹಿಂದಿನ ಇಂಜಿನಿಯರುಗಳು. ಅದಕ್ಕಾಗಿ ಅವರು ದರೆಗಳಿಗೆ ಬಳಿಯುತ್ತಿದ್ದ ಗಾರೆಯ ಹೆಸರನ್ನು ಕೇಳಿದರೆ ಕನ್ನಡಿಗನ ಕಿವಿ ನಿಮಿರುತ್ತದೆ. ಅದರ ಹೆಸರು ‘ಚುನಾಮ್’. ತಮಿಳಿನ ಚುಣ್ಣಾಂಬು, ಕನ್ನಡದ ಸುಣ್ಣ, ಸಂಸ್ಕೃತದ ಚೂರ್ಣ ಇವುಗಳ ನೆಂಟನೇ ಈ ಶಬ್ದ. ಭಾರತದಲ್ಲಿದ್ದ ಐರೋಪ್ಯರ ಬಾಯಲ್ಲಿ ರೂಪ ಬದಲಿಸಿ, ಹಡಗನ್ನೇರಿ ಚೀನದ ತೀರದಲ್ಲಿ ಇಳಿಯಿತು. ಒಂದು ಪಾಲು ಸಿಮೆಂಟು, ಮೂರು ಪಾಲು ಸುಣ್ಣ, ಇಪ್ಪತ್ತು ಪಾಲು ಅಲ್ಲಿಯದೇ ಜೇಡಿ ಬೆರೆತ ಮಣ್ಣು: ಇದು ಅದರ ಪಾಕ. ಬಿದಿರಿನ ಅಟ್ಟ ಕಟ್ಟಿಕೊಂಡು ಆಳುಗಳು ಇದನ್ನು ಎರಡು ಪದರವಾಗಿ ಕೈಯಿಂದ ಮೆತ್ತುತ್ತಿದ್ದರು. ಅಗ್ಗದ ಉಪಾಯ, ಕೆಲಸವೂ ಬೇಗ. ಆದರೆ ಸುಣ್ಣದ ಗಾರೆ ಬಿಸಿಲಿಗೆ ಬಿರುಕು ಬಿಡುವುದನ್ನು ಹಳೆಯ ಮನೆಯಲ್ಲಿ ವಾಸಿಸಿದವರೆಲ್ಲ ಬಲ್ಲರು. ಬಿರುಕಿನಲ್ಲಿ ನೀರು ಇಳಿಯುತ್ತದೆ. ಆಮೇಲೆ ಹೊರಬರಲು ದಾರಿ ಕಾಣದೆ ಒಳಗೇ ನಿಲ್ಲುತ್ತದೆ.

1972ರ ಜೂನ್ 18 ಒಂದು ಭಾನುವಾರ. ಆ ಹೊತ್ತಿಗೆ ಮೂರು ದಿನಗಳಲ್ಲಿ 650 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಿತ್ತು. ಮಧ್ಯಾಹ್ನ ಕೌಲೂನಿನ ಕಡೆಯ ಸಾವ್ ಮಾವ್ ಪಿಂಗ್ ಎಂಬಲ್ಲಿ, ರಸ್ತೆಗಾಗಿ ತುಂಬಿದ್ದ ಮಣ್ಣಿನ ದಿಣ್ಣೆ ಜರಿದು ಕೆಳಗಿನ ಬಡವರ ಗುಡಿಸಲುಗಳನ್ನು ಮುಚ್ಚಿತು. ಸತ್ತವರು 71 ಮಂದಿ. ಆ ದುಃಖದ ಸುದ್ದಿ ಊರೆಲ್ಲ ಹರಡುತ್ತಿದ್ದಂತೆಯೇ, ಅದೇ ರಾತ್ರಿ, ಬಂದರಿನಾಚೆ ಹಾಂಗ್‌ಕಾಂಗ್ ದ್ವೀಪದ ಪೊ ಶಾನ್ ರಸ್ತೆಯ ಗುಡ್ಡ ಕುಸಿದು, ಶ್ರೀಮಂತರ ಬಡಾವಣೆಯ ಹನ್ನೆರಡು ಅಂತಸ್ತಿನ ‘ಕೋಟೆವಾಲ್ ಕೋರ್ಟ್’ ಎಂಬ ಕಟ್ಟಡವನ್ನು ಬುಡಸಮೇತ ಕೆಡವಿತು. ಅಲ್ಲಿ 67 ಮಂದಿ ಅಸುನೀಗಿದರು. (ಈ ಕೋಟೆವಾಲ್ ಎಂಬ ಹೆಸರಿನ ಹಿಂದೆಯೂ ಭಾರತದ ನೆರಳುಂಟು. ಆ ಬೀದಿಗೆ ಹೆಸರು ಬಂದಿರುವುದು ಹಾಂಗ್‌ಕಾಂಗಿನ ಗಣ್ಯರಲ್ಲೊಬ್ಬರಾಗಿದ್ದ ಸರ್ ರಾಬರ್ಟ್ ಕೋಟೆವಾಲ್ ಅವರಿಂದ. ಅವರ ತಂದೆ ಪಾರ್ಸಿಗಳು.) ಗುಡಿಸಲು, ಸೌಧ ಎಂಬ ಭೇದವನ್ನು ಮಣ್ಣು ಎಣಿಸಲಿಲ್ಲ. ಸಾಲದೆಂಬಂತೆ, ನಾಲ್ಕು ವರ್ಷಗಳ ತರುವಾಯ, 1976ರ ಆಗಸ್ಟ್ 25ರಂದು ಅದೇ ಸಾವ್ ಮಾವ್ ಪಿಂಗಿನಲ್ಲಿ ಮತ್ತೊಂದು ದಿಣ್ಣೆ ಕುಸಿದು 18 ಮಂದಿ ಸತ್ತರು.

ಆಗ ಸರಕಾರ ಹೊರದೇಶಗಳ ತಜ್ಞರನ್ನು ಕರೆಸಿ ವಿಚಾರಣೆ ಮಾಡಿಸಿತು. ತುಂಬಿದ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದೆ ಸುರಿದು ಬಿಟ್ಟಿದ್ದರೆಂಬುದೂ, ಮಳೆನೀರು ಸಡಿಲ ಮಣ್ಣನ್ನು ಹೊಕ್ಕು ಅದನ್ನು ಕೆಸರಾಗಿಸಿತೆಂಬುದೂ ತಿಳಿದುಬಂದವು. 1977ರಲ್ಲಿ ದರೆಗಳ ಮೇಲ್ವಿಚಾರಣೆಗೆಂದೇ ಒಂದು ಕಚೇರಿ ಹುಟ್ಟಿತು. ಈಗ ಅದಕ್ಕೆ ಜಿಯೊಟೆಕ್ನಿಕಲ್ ಇಂಜಿನಿಯರಿಂಗ್ ಆಫೀಸ್ ಎಂಬ ಹೆಸರು. ಅಂದಿನಿಂದ ಗುಡ್ಡಗಳ ಮೇಲೆ ಮತ್ತೊಂದು ಹೊದಿಕೆ ಏರತೊಡಗಿತು: ಕೊಳವೆಯಿಂದ ರಭಸವಾಗಿ ಚಿಮ್ಮಿಸುವ ಕಾಂಕ್ರೀಟು. ಚುನಾಮಿಗಿಂತ ಗಟ್ಟಿ, ಬಾಳಿಕೆಯೂ ಹೆಚ್ಚು. ಭಯದಲ್ಲಿ ಬೆಂದ ಜನರಿಗೆ ಅದು ಧೈರ್ಯವನ್ನೂ ತಂದಿತೆನ್ನಬೇಕು. ಆದರೆ ವರ್ಷಗಳು ಉರುಳಿದಂತೆ ಊರಿನ ರೂಪವೇ ಕೆಟ್ಟಿತು. ಎತ್ತ ನೋಡಿದರೂ ಬೂದುಬಣ್ಣದ ಗೋಡೆ. ಬೇಸಗೆಯಲ್ಲಿ ಬಾಣಲೆಯಂತೆ ಕಾಯುವ ಗೋಡೆ. ಕೆಲವೆಡೆ ಆ ಕಾಂಕ್ರೀಟಿಗೆ ಹಸಿರು ಬಣ್ಣವನ್ನೇ ಕಲಸಿ ಬಳಿದು ನೋಡಿದರು. ಬೋಳುತಲೆಗೆ ಕಾಡಿಗೆ ಬಳಿದು ಕೂದಲೆಂದು ನಂಬಿಸಿದಂತೆ ಇತ್ತು ಆ ಸಾಹಸ.

1994ರ ಜುಲೈಯಲ್ಲಿ ಕೆನಡಿ ಟೌನಿನ ಕ್ವುನ್ ಲುಂಗ್ ಲಾವ್ ಎಂಬ ವಸತಿಯ ಬಳಿ ಹಳೆಯ ಕಲ್ಲಿನ ತಡೆಗೋಡೆ ಉರುಳಿ ಐವರು ಸತ್ತ ಮೇಲೆ, ದರೆಗಳನ್ನು ಭದ್ರಪಡಿಸುವ ಕೆಲಸ ಇನ್ನಷ್ಟು ಬಿರುಸಾಯಿತು. ಕಾಂಕ್ರೀಟು ಎಲ್ಲೆಲ್ಲೂ ಹಬ್ಬುವುದೆಂಬ ಅಸಮಾಧಾನವೂ ಜೊತೆಗೇ ಬೆಳೆಯಿತು. ಭದ್ರತೆಯೂ ಇರಬೇಕು, ಹಸಿರೂ ಇರಬೇಕು. ಇದಕ್ಕೆ ದಾರಿ ತೋರಿಸಿದುದು ಕಬ್ಬಿಣದ ಮೊಳೆ. ಗುಡ್ಡದ ಒಳಕ್ಕೆ ಹತ್ತಾರು ಅಡಿ ಆಳದ ರಂಧ್ರ ಕೊರೆದು, ಉಕ್ಕಿನ ಸರಳನ್ನು ತೂರಿಸಿ, ಸುತ್ತಲೂ ಸಿಮೆಂಟಿನ ಗಂಜಿ ತುಂಬುತ್ತಾರೆ. ಇಂಥ ನೂರಾರು ‘ಮಣ್ಣಿನ ಮೊಳೆ’ಗಳು ಸಡಿಲವಾದ ಹೊರಮೈಯನ್ನು ಒಳಗಿನ ಗಟ್ಟಿ ನೆಲಕ್ಕೆ ಹೊಲಿದಂತೆ ಹಿಡಿಯುತ್ತವೆ. ಮೊಳೆಯ ತಲೆಯನ್ನು ಮಣ್ಣಿನ ಮಟ್ಟಕ್ಕೆ ಹುದುಗಿಸಬಹುದಾದ್ದರಿಂದ ಹೊರಗೆ ಹುಲ್ಲು ಬೆಳೆಸಲು ಅಡ್ಡಿಯಿಲ್ಲ. ಗುಡ್ಡವನ್ನು ಹಿಡಿಯುವ ಹೊರೆ ಕಾಂಕ್ರೀಟಿನ ಹೊದಿಕೆಯಿಂದ ಒಳಗಿನ ಉಕ್ಕಿಗೆ ಇಳಿದ ಮೇಲೆಯೇ ಹಸಿರಿಗೆ ಎಡೆಯಾಯಿತು.

ಉಳಿದ ಪ್ರಶ್ನೆ: ಏಣಿಯಂತೆ ನಿಂತ ಮಣ್ಣಿನ ಮೇಲೆ ಹುಲ್ಲನ್ನು ಬಿತ್ತುವವರು ಯಾರು, ಬಿತ್ತುವುದು ಹೇಗೆ? ಕೈಯಿಂದ ಎರಚಿದ ಬೀಜ ಉರುಳಿ ಚರಂಡಿ ಸೇರುತ್ತದೆ. ಉಳಿದದ್ದನ್ನು ಇರುವೆ ಹಕ್ಕಿಗಳು ಮುಗಿಸುತ್ತವೆ. ಅವುಗಳಿಗೂ ತಪ್ಪಿದ್ದು ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ಬೆಳೆದ ಹುಲ್ಲನ್ನು ಹೆಂಟೆಸಮೇತ ಕತ್ತರಿಸಿ ತಂದು ಅಂಟಿಸಬಹುದು. ಆದರೆ ಅಷ್ಟು ಹೆಂಟೆಯನ್ನು ಹೊತ್ತು ದರೆಯೇರುವ ಕೂಲಿಯೇ ಹೊನ್ನಾದೀತು. ಇದೇ ತೊಡಕು ಅಮೆರಿಕದವರಿಗೂ ಎದುರಾಗಿತ್ತು. ಅಲ್ಲಿ 1950ರ ದಶಕದಲ್ಲಿ ಹೆದ್ದಾರಿಗಳನ್ನು ಹಾಸುವಾಗ ಇಕ್ಕೆಲಗಳ ಬೋಳು ದಿಣ್ಣೆಗಳಿಗೆ ಹುಲ್ಲು ಹಿಡಿಸಲೆಂದು, ಬೀಜವನ್ನು ನೀರಿನೊಡನೆ ಕಲಸಿ ಪಂಪಿನಿಂದ ಎರಚುವ ಉಪಾಯ ಬಳಕೆಗೆ ಬಂದಿತು. ‘ಹೈಡ್ರೋಸೀಡಿಂಗ್’ ಎಂದು ಅದರ ಹೆಸರು. ಕನ್ನಡದಲ್ಲಿ ನೀರುಬಿತ್ತನೆ ಎನ್ನಬಹುದು. ಈಗ ಅದು ಆಟದ ಬಯಲು, ಉದ್ಯಾನದ ಹಾಸು, ಗಣಿ ಅಗೆದು ಬಿಟ್ಟ ನೆಲ ಎಲ್ಲಕ್ಕೂ ಒದಗುತ್ತಿದೆಯಾದರೂ, ಅದರ ನಿಜವಾದ ಪ್ರತಾಪವನ್ನು ನೋಡಬೇಕಾದರೆ ಹಾಂಗ್‌ಕಾಂಗಿನಂಥ ಊರಿನಲ್ಲೇ ನೋಡಬೇಕು.

ದರೆಯ ಬುಡದ ರಸ್ತೆಯಲ್ಲಿ ಒಂದು ಲಾರಿ ನಿಂತಿರುತ್ತದೆ; ಅದರ ಬೆನ್ನ ಮೇಲೆ ದೊಡ್ಡದೊಂದು ತೊಟ್ಟಿ. ತೊಟ್ಟಿಯೊಳಗೆ ರೆಕ್ಕೆಯಂಥ ಕಡೆಗೋಲುಗಳು ತಿರುಗುತ್ತಲೇ ಇರುತ್ತವೆ. ಅವು ನಿಂತರೆ ಬೀಜವೆಲ್ಲ ತಳಕ್ಕೆ ಇಳಿದು, ಗುಡ್ಡಕ್ಕೆ ಬರಿಯ ನೀರು ಬಿದ್ದೀತು. ನೀರು, ಬೀಜ, ಗೊಬ್ಬರ, ಮರದ ಇಲ್ಲವೇ ಕಾಗದದ ನಾರು, ಇವೆಲ್ಲವನ್ನೂ ಮಣ್ಣಿಗೆ ಕಚ್ಚಿಸುವ ಒಂದು ಅಂಟು: ಇಷ್ಟೂ ಕಲೆತು, ಅಂಗಳ ಸಾರಿಸಲು ಕಲಸಿದ ಸಗಣಿನೀರಿನಷ್ಟು ಮಂದವಾದ ರಸವಾಗುತ್ತದೆ. ಬಣ್ಣವೂ ಹೆಚ್ಚುಕಡಮೆ ಅದೇ. ಅದು ಬೆರೆಸಿದ ಬಣ್ಣ. ಎಲ್ಲಿ ಎರಚಿ ಆಯಿತು, ಎಲ್ಲಿ ಬಿಟ್ಟುಹೋಯಿತು ಎಂಬುದು ಕೊಳವೆ ಹಿಡಿದವನಿಗೆ ಗೊತ್ತಾಗಲೆಂದು ಆ ಹಸಿರು. ನೋಡಲು ಬಂದವರು ಆಗಲೇ ಹುಲ್ಲು ಬಂದಿತೆಂದು ಹಿಗ್ಗುವುದೂ ಉಂಟು. ಕಲಸಿದ ರಸವನ್ನು ನಾಳೆಗೆಂದು ಇಡುವಂತಿಲ್ಲ. ನೀರು ಕುಡಿದ ಬೀಜ ತೊಟ್ಟಿಯಲ್ಲೇ ಕೆಟ್ಟುಹೋದೀತು.

ಕೊಳವೆ ಹಿಡಿದವನ ಕೈಚಳಕದ ಮೇಲೆ ಕೆಲಸದ ಅರ್ಧ ನಿಂತಿದೆ. ರಭಸ ಹೆಚ್ಚಾದರೆ ಧಾರೆ ಮಣ್ಣನ್ನೇ ಕೊರೆಯುತ್ತದೆ. ಕಡಮೆಯಾದರೆ ಮೇಲಿನವರೆಗೆ ಮುಟ್ಟದು. ಆತ ಧಾರೆಯನ್ನು ಆಕಾಶದ ಕಡೆ ಬಾಗಿಸಿ, ಅದು ಕಮಾನಿನಂತೆ ಏರಿ ಸೋನೆಮಳೆಯ ಹಾಗೆ ಮಣ್ಣಿನ ಮೇಲೆ ಇಳಿಯುವಂತೆ ಮಾಡುತ್ತಾನೆ. ಹಸಿ ನಾರಿನ ಪದರ ಬೀಜಕ್ಕೆ ಕಂಬಳಿಯಾಗಿ ತೇವವನ್ನು ಕಾಯುತ್ತದೆ. ಕಡಿದಾದ ಕಡೆ ಅದರ ಮೇಲೆ ನಾರಿನ ಚಾಪೆ ಹೊದಿಸಿ, ಗೂಟ ಹೊಡೆದು, ಇನ್ನೂ ಕಡಿದಾಗಿದ್ದರೆ ತಂತಿಯ ಬಲೆಯನ್ನೂ ಬಿಗಿಯುತ್ತಾರೆ. ಈ ಎಚ್ಚರ ಬೇಕೇ ಬೇಕು. ಎರಚಿದ ಮರುದಿನವೇ ಜಡಿಮಳೆ ಬಂದರೆ ಲಾರಿಗಟ್ಟಲೆ ಶ್ರಮ ಚರಂಡಿಯ ಪಾಲು.

ಆ ತೊಟ್ಟಿಯಲ್ಲಿ ಕಲಸುವ ಸಾಮಗ್ರಿಗಳಲ್ಲಿ ಎರಡು ಕನ್ನಡಿಗರ ಮನೆಯ ಹಳೆಯ ಪರಿಚಯದವು. ಈ ವಿದ್ಯೆಯಲ್ಲಿ ಲೋಕದ ಹಲವೆಡೆ ಬಳಸುವ ಅಂಟುಗಳಲ್ಲೊಂದು ಗೋರಿಕಾಯಿಯ ಬೀಜದ ಹಿಟ್ಟು. ಪಲ್ಯಕ್ಕೆ ಹೆಚ್ಚುವ ಅದೇ ಗೋರಿಕಾಯಿ. ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುತ್ತಾರೆ. ರಾಜಸ್ಥಾನದ ಒಣನೆಲದಲ್ಲಿ ಅಪಾರವಾಗಿ ಬೆಳೆಯುವ ಅದರ ಅಂಟು ದೇಶದೇಶಗಳಿಗೆ ರವಾನೆಯಾಗುತ್ತದೆ. ಎರಡನೆಯದು ಬೀಜ. ಹಾಂಗ್‌ಕಾಂಗಿನ ದರೆಗಳಿಗೆ ಎರಚುವ ಮುಖ್ಯ ಹುಲ್ಲನ್ನು ಅಲ್ಲಿನವರು ಇಂಗ್ಲಿಷಿನಲ್ಲಿ ಬರ್ಮುಡಾ ಹುಲ್ಲು ಎನ್ನುತ್ತಾರೆ. ಯಾವ ದೂರ ದ್ವೀಪದ ಹುಲ್ಲೋ ಎಂದು ಬಗ್ಗಿ ನೋಡಿದ ಭಾರತೀಯನಿಗೆ ಕಾಣುವುದು ಗರಿಕೆ! ಗಣೇಶನ ಹಬ್ಬದ ಬೆಳಗ್ಗೆ ಮಕ್ಕಳು ಹಿತ್ತಿಲಿನಿಂದ ಕಿತ್ತು ತರುವ ಗರಿಕೆ, ಸಂಸ್ಕೃತದ ದೂರ್ವೆ. ಕಿತ್ತಷ್ಟೂ ಚಿಗುರುವ, ತುಳಿದಷ್ಟೂ ಹಬ್ಬುವ, ಗಂಟುಗಂಟಿಗೂ ಬೇರಿಳಿಸಿ ನೆಲವನ್ನು ಹಿಡಿಯುವ ಆ ಹುಲ್ಲಿನ ಹಟಮಾರಿತನವನ್ನು ರೈತನು ಹೊಲದಲ್ಲಿ ಶಪಿಸುತ್ತಾನೆ. ದರೆಯ ಇಂಜಿನಿಯರು ಅದನ್ನೇ ಹಣ ಕೊಟ್ಟು ಕೊಳ್ಳುತ್ತಾನೆ. ಗರಿಕೆಯ ಜೊತೆಗೆ ದಕ್ಷಿಣ ಅಮೆರಿಕದ ಬಾಹಿಯಾ ಹುಲ್ಲನ್ನೂ ಬೆರೆಸುವುದುಂಟು. ಗರಿಕೆಗೆ ಚಳಿ ಹಿಡಿಸದು. ಆದ್ದರಿಂದ ಚಳಿಗಾಲದಲ್ಲಿ ಎರಚುವಾಗ ವಾರ ಹತ್ತು ದಿನಗಳಲ್ಲೇ ಮೊಳೆಯುವ ರೈ ಹುಲ್ಲನ್ನು ಸೇರಿಸುತ್ತಾರೆ. ಅದು ಬೇಗ ಬಂದು ಮಣ್ಣನ್ನು ಕಾದು, ಬೇಸಗೆಯ ಧಗೆಗೆ ತಾನು ಸಾಯುತ್ತದೆ. ಆ ವೇಳೆಗೆ ಗರಿಕೆ ಎಚ್ಚೆತ್ತು ಜಾಗವನ್ನು ತುಂಬುತ್ತದೆ.

ಇಷ್ಟಾದರೂ, ಗುಡ್ಡವನ್ನು ಹಿಡಿದಿರುವುದು ಈ ಹುಲ್ಲೇ ಎಂದು ಯಾರಾದರೂ ನಂಬಿದರೆ ಅದು ಅಪಾಯದ ನಂಬಿಕೆ. ಹುಲ್ಲಿನ ಬೇರಿನ ಬಹುಪಾಲು ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತದೆ. ಮಳೆಹನಿಯ ಪೆಟ್ಟನ್ನು ಎಲೆ ತಡೆಯುತ್ತದೆ. ಹರಿವ ನೀರು ಕೊರಕಲು ಮಾಡದಂತೆ ಬೇರು ತಡೆಯುತ್ತದೆ. ಇದು ಸಣ್ಣ ಉಪಕಾರವೇನಲ್ಲ. ಕೊರಕಲೇ ಬೆಳೆದು ಕುಸಿತಕ್ಕೆ ದಾರಿಯಾಗುವುದುಂಟು. ಆದರೆ ಅದಕ್ಕಿಂತ ಆಳದಲ್ಲಿ ಮಣ್ಣು ಸರಿಯತೊಡಗಿದರೆ, ಹುಲ್ಲು ಜಮಖಾನೆಯಂತೆ ಅದರೊಡನೆಯೇ ಕೆಳಗಿಳಿಯುತ್ತದೆ. ಹಸಿರಾಗಿ ಕಂಡದ್ದೆಲ್ಲ ಭದ್ರವೆಂದು ಬಗೆದು, ಮೊಳೆಯ ಖರ್ಚನ್ನು ಉಳಿಸಿ ಹುಲ್ಲನ್ನಷ್ಟೇ ಎರಚಿ ಕೈತೊಳೆದುಕೊಂಡರೆ ಮೊದಲಿನ ಬೋಳು ದರೆಯೇ ವಾಸಿ. ಅದನ್ನು ಕಂಡರೆ ಜನ ಭಯದಿಂದಲಾದರೂ ದೂರ ನಿಲ್ಲುತ್ತಾರೆ. ಹಾಂಗ್‌ಕಾಂಗಿನಲ್ಲಿ ಹುಲ್ಲಿನ ಹಿಂದೆ ಉಕ್ಕಿದೆ, ಒಳಗಿನ ನೀರನ್ನು ಬಸಿಯುವ ಕೊಳವೆಗಳಿವೆ, ಹರಿವ ನೀರಿಗೆ ಮೆಟ್ಟಿಲುಮೆಟ್ಟಿಲಾದ ಚರಂಡಿಗಳಿವೆ. ಅವು ಮರೆಯಲ್ಲಿರುವುದರಿಂದ ಹೊಗಳಿಕೆಯೆಲ್ಲ ಹುಲ್ಲಿನ ಪಾಲಾಗಿದೆ.

ಹುಲ್ಲೊಂದೇ ಸಾಲದೆಂಬುದು ಹಸಿರಿನ ದೃಷ್ಟಿಯಿಂದಲೂ ನಿಜ. ಆರೈಕೆಯಿಲ್ಲದ ದರೆಯ ಗರಿಕೆ ಒಣಹವೆಯ ತಿಂಗಳುಗಳಲ್ಲಿ ಹಳದಿಯಾಗುತ್ತದೆ. ಮರದ ನೆರಳು ಬಿದ್ದರೆ ಸೊರಗುತ್ತದೆ. ತೆರವಾದ ಜಾಗಕ್ಕೆ ನುಗ್ಗುವವರಲ್ಲಿ ಮೊದಲಿಗ ಸುಬಾಬುಲ್. ಭಾರತದಲ್ಲಿ ಒಂದು ಕಾಲಕ್ಕೆ ಮೇವಿನ ಕಲ್ಪವೃಕ್ಷವೆಂದು ಹೊಗಳಿಸಿಕೊಂಡ ಈ ಗಿಡ ಹಾಂಗ್‌ಕಾಂಗಿನ ದರೆಗಳಲ್ಲಿ ದೊಡ್ಡ ಪೀಡೆ. ಬೇಗ ಬೆಳೆದು, ಉಳಿದುದನ್ನು ಅಡಗಿಸಿ, ಬಿರುಗಾಳಿಗೆ ಮುರಿದು ರಸ್ತೆಗೆ ಬೀಳುತ್ತದೆ. ಆದ್ದರಿಂದ ಹುಲ್ಲು ನೆಲೆಯೂರಿದ ಮೇಲೆ, ಇಲ್ಲವೇ ಅದರ ಜೊತೆಯಲ್ಲೇ, ಆ ನಾಡಿನವೇ ಆದ ಪೊದೆಗಳನ್ನು ನೆಡುವ ಪದ್ಧತಿ ಬಂದಿದೆ. ನೇರಳೆ ಹೂವಿನ ಮೆಲಾಸ್ಟೋಮ ಅವುಗಳಲ್ಲೊಂದು. ಮಲೆನಾಡಿನ ಹಾದಿಬದಿಯ ನೆಕ್ಕರಿಕದ ಬಳಗ. ಅದು ಹೂಬಿಟ್ಟ ದಿನಗಳಲ್ಲಿ ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಟಕಟೆಗಳ ನಡುವೆಯೂ ದರೆಗೆ ಒಂದು ಕಳೆ ಬರುತ್ತದೆ. 1841ರಲ್ಲಿ ಇಂಗ್ಲಿಷರು ಬಂದಿಳಿದಾಗ ಹಾಂಗ್‌ಕಾಂಗ್ ದ್ವೀಪ ಬಹುಮಟ್ಟಿಗೆ ಬೋಳು ಗುಡ್ಡಗಳ ದ್ವೀಪವಾಗಿತ್ತು. ಮುಂದೆ ನೆಟ್ಟು ಬೆಳೆಸಿದ ಮರಗಳು ಎರಡನೆಯ ಮಹಾಯುದ್ಧದಲ್ಲಿ, ಜಪಾನೀಯರ ಹಿಡಿತದ ದಿನಗಳಲ್ಲಿ ಸೌದೆಯಾಗಿ ಹೋದವು. ಮತ್ತೆ ನೆಟ್ಟರು. ಈಗ ಆ ಪ್ರದೇಶದ ನೂರಕ್ಕೆ 40 ಭಾಗ ರಕ್ಷಿತ ಉದ್ಯಾನಗಳಲ್ಲಿದೆ. ಹಸಿರನ್ನು ಕೈಯಾರೆ ತಂದುಕೊಳ್ಳುವುದು ಅಲ್ಲಿ ಹಳೆಯ ಅಭ್ಯಾಸ.

2023ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ, ಒಂದೇ ಗಂಟೆಯಲ್ಲಿ, ಹಾಂಗ್‌ಕಾಂಗಿನ ಹವಾಮಾನ ವೀಕ್ಷಣಾಲಯದಲ್ಲಿ 158.1 ಮಿಲಿಮೀಟರು ಮಳೆ ದಾಖಲಾಯಿತು. 1884ರಲ್ಲಿ ದಾಖಲೆ ಇಡಲು ಆರಂಭಿಸಿದಂದಿನಿಂದ ಅಂಥ ಗಂಟೆ ಬಂದಿರಲಿಲ್ಲ. ಅತ್ಯಂತ ಅಪಾಯದ ‘ಕಪ್ಪು ಮಳೆ’ಯ ಎಚ್ಚರಿಕೆ ಹದಿನಾರು ಗಂಟೆಗೂ ಮಿಕ್ಕಿ ಜಾರಿಯಲ್ಲಿತ್ತು. ಹಲವೆಡೆ ದರೆಗಳು ಕುಸಿದವು. ಶೆಕ್ ಓ ಎಂಬ ಕಡಲತೀರದ ಹಳ್ಳಿಗೆ ಹೋಗುವ ರಸ್ತೆ ಮುಚ್ಚಿಹೋಯಿತು. ಆದರೂ 1972ರ ಆ ಭಾನುವಾರದಂಥ ಹೆಣಗಳ ಸಾಲನ್ನು ಊರು ಕಾಣಬೇಕಾಗಿ ಬರಲಿಲ್ಲ.

ದರೆಯ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ. ವರ್ಷವರ್ಷವೂ ಮಳೆಗಾಲಕ್ಕೆ ಮುನ್ನ ಆಳುಗಳು ಆ ಕಿರಿದಾದ ಮೆಟ್ಟಿಲುಗಳನ್ನು ಹತ್ತಿ, ಚರಂಡಿಯಲ್ಲಿ ತುಂಬಿದ ತರಗೆಲೆಯನ್ನು ಬಾಚಿ ತೆಗೆಯುತ್ತಾರೆ. ಬಿರುಕಿಗೆ ಗಾರೆ ಮೆತ್ತುತ್ತಾರೆ. ಸುಬಾಬುಲ್ ಸಸಿಗಳನ್ನು ಬೇರುಸಹಿತ ಕೀಳುತ್ತಾರೆ. ಹುಲ್ಲು ಸತ್ತು ಮಣ್ಣು ಕಾಣುವ ಕಡೆ ಗುರುತು ಹಾಕಿ, ಫಲಕದ ನಂಬರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಲಾರಿ ಬಂದು, ಕೊಳವೆ ಮೇಲೇರಿ, ಮತ್ತೆ ಗರಿಕೆ ಬೀಳುತ್ತದೆ.